ಮೂರನೆಯ ಹೆಸರು



1931ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ಕ್ನಾಲ್, ಅರ್ನ್ಸ್ಟ್ ರುಸ್ಕಾ ಎಂಬಿಬ್ಬರು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನೂ ಗಾಜಿನ ಮಸೂರಕ್ಕೆ ಬದಲಾಗಿ ಕಾಂತಕ್ಷೇತ್ರವನ್ನೂ ನಿಯೋಜಿಸಿ ರಚಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೆಂಬ ಯಂತ್ರವು ಜೀವಶಾಸ್ತ್ರಜ್ಞರ ಉಪಯೋಗಕ್ಕೆ ಒದಗಲು ಹಲವು ವರ್ಷಗಳು ಹಿಡಿದುವು. ಒದಗಿದಾಗಲೂ ಅದು ಬಹುಮಟ್ಟಿಗೆ ಪರರ ಸೊತ್ತಾಗಿಯೇ ಇದ್ದಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಜೀವಕೋಶದ ಅಂತರಂಗವನ್ನು ಕಾಣಲು ಹಂಬಲಿಸುತ್ತಿದ್ದ ಆಲ್ಬರ್ಟ್ ಕ್ಲೋಡ್ ಮತ್ತು ಕೀತ್ ಪೋರ್ಟರರಿಗೆ ಅಂಥ ಯಂತ್ರ ದೊರೆತುದು ತಮ್ಮ ಸಂಸ್ಥೆಯಲ್ಲಲ್ಲ, ಅದೇ ನಗರದಲ್ಲಿ ಮುದ್ರಣದ ಮಸಿ ಮುಂತಾದುವನ್ನು ತಯಾರಿಸುತ್ತಿದ್ದ ಇಂಟರ್‌ಕೆಮಿಕಲ್ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ. ಕೋಳಿಯ ಭ್ರೂಣದ ಕೋಶಗಳನ್ನು ತೆಳುವಾದ ಪ್ಲಾಸ್ಟಿಕ್ ಪೊರೆಯ ಮೇಲೆ ಬೆಳೆಸಿ, ಆಸ್ಮಿಯಮ್ಮಿನಿಂದ ಸ್ಥಿರೀಕರಿಸಿ, ಪೊರೆಸಹಿತ ಎತ್ತಿ ಅಲ್ಲಿಗೊಯ್ದು, ಇಡಿಯ ಕೋಶದ ಚಿತ್ರವನ್ನು ಅವರು ಪಡೆದರು. 1945ರಲ್ಲಿ ಅಚ್ಚಾದ ಆ ಪ್ರಬಂಧಕ್ಕೆ ಕರ್ತೃಗಳು ಮೂವರು. ಮೂರನೆಯವನು ಅರ್ನೆಸ್ಟ್ ಫುಲ್ಲಮ್, ಆ ಕಂಪನಿಯಲ್ಲಿ ಯಂತ್ರವನ್ನು ನಡೆಸುತ್ತಿದ್ದವನು. ಇಂದು ನಮ್ಮಲ್ಲಿ ಅಚ್ಚಾಗುವ ಎಷ್ಟೋ ಪ್ರಬಂಧಗಳಲ್ಲಿ ಈ ಮೂರನೆಯವನಿಗೆ ಕೊನೆಯ ಪುಟದ ಕೃತಜ್ಞತೆಯೊಂದೇ ಗತಿ. ಅದೂ ಎಲ್ಲರಿಗೂ ದೊರೆಯುವುದಿಲ್ಲ.

ಈತನು ಮಾಡುವುದಾದರೂ ಏನು? ಯಂತ್ರದೊಳಗೆ ನಿರ್ವಾತವಿರುವುದರಿಂದ ತೇವವುಳ್ಳ ಅಂಗಾಂಶವನ್ನು ಇದ್ದಂತೆಯೇ ಒಳಗಿಡಲಾಗದು. ಗ್ಲುಟರಾಲ್ಡಿಹೈಡಿನಲ್ಲೂ ಅನಂತರ ಆಸ್ಮಿಯಮ್ಮಿನಲ್ಲೂ ಅದನ್ನು ಸ್ಥಿರಪಡಿಸಿ, ಮದ್ಯಸಾರದಿಂದ ನೀರನ್ನು ತೆಗೆದು, ರಾಳದಲ್ಲಿ ಹುದುಗಿಸಿ ಗಟ್ಟಿಮಾಡಿ, ವಜ್ರದ ಅಲಗಿನಿಂದ 60ರಿಂದ 90 ನ್ಯಾನೊಮೀಟರ್ ದಪ್ಪದ ಸೀಳುಗಳಾಗಿ ಕತ್ತರಿಸಿ, ಯುರೇನಿಯಂ ಮತ್ತು ಸೀಸದ ಲವಣಗಳಿಂದ ರಂಜಿಸಬೇಕು. ಅಲಗಿನ ಹಿಂದಣ ನೀರಿನಲ್ಲಿ ತೇಲುವ ಸೀಳು ಬೆಳ್ಳಿಯ ಬಣ್ಣಕ್ಕಿದ್ದರೆ ದಪ್ಪವು ಹದವಾಗಿದೆಯೆಂದೂ, ಹೊನ್ನಿನ ಬಣ್ಣಕ್ಕೆ ತಿರುಗಿದರೆ ಮಿತಿ ಮೀರಿದೆಯೆಂದೂ ನುರಿತ ಕಣ್ಣು ಕೂಡಲೇ ಅರಿಯುತ್ತದೆ. ಕೈಪಿಡಿಯನ್ನೋದಿ ಈ ಕಣ್ಣನ್ನು ಪಡೆದವರನ್ನು ನಾನು ಕಂಡಿಲ್ಲ.

ಈ ಸಂಸ್ಕಾರಗಳು ವಸ್ತುವನ್ನು ಉಳಿಸುವಂತೆಯೇ ಇಲ್ಲದ ವಸ್ತುವನ್ನು ಸೃಷ್ಟಿಸಲೂ ಬಲ್ಲುವು. ಬ್ಯಾಕ್ಟೀರಿಯಾಗಳೊಳಗೆ ಪೊರೆಯ ಮಡಿಕೆಗಳಾಗಿ ಕಾಣಿಸಿಕೊಂಡ ಮೀಸೊಸೋಮ್ ಎಂಬ ಅಂಗವು ಪಠ್ಯಪುಸ್ತಕಗಳಲ್ಲಿ ನೆಲೆನಿಂತು, ಅದಕ್ಕೆ ನಾನಾ ಕಾರ್ಯಗಳೂ ಆರೋಪಿತವಾದ ಮೇಲೆ, ಕೋಶಗಳನ್ನು ರಾಸಾಯನಿಕಗಳಿಲ್ಲದೆ ಕ್ಷಿಪ್ರವಾಗಿ ಹೆಪ್ಪುಗಟ್ಟಿಸಿ ನೋಡಿದವರಿಗೆ ಅದು ಕಾಣಲೇ ಇಲ್ಲ. ಸ್ಥಿರೀಕರಣದ ದ್ರವವೇ ಅದರ ಜನಕವಾಗಿದ್ದಿತು. ಚಿತ್ರವನ್ನು ಸಿದ್ಧಪಡಿಸಿದವನೊಡನೆ ಕುಳಿತು ಓದದಿದ್ದರೆ ಒದಗುವ ಅಪಾಯ ಇಂಥದು.

ಓದಲು ಬಲ್ಲವರಿಗಾದರೋ ಅದರ ಫಲವು ಅಲ್ಪವಲ್ಲ. ಮೈಯೆಲ್ಲ ಬಾತು, ಮೂತ್ರದಲ್ಲಿ ಪ್ರೋಟೀನು ಸೋರುವ ಮಗುವಿನ ಮೂತ್ರಪಿಂಡದ ತುಣುಕು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನಿರ್ದೋಷವೆಂಬಂತೆ ತೋರುವುದುಂಟು. ಸೋಸುವ ಗೋಡೆಯನ್ನು ಅಪ್ಪಿರುವ ಕೋಶಗಳ ಪಾದಗಳು ಅಳಿಸಿಹೋಗಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ತೋರಿಸಬೇಕು.

ಆದಕಾರಣ ಸಂಶೋಧಕ ಮಿತ್ರರಲ್ಲಿ ನನ್ನದೊಂದು ಬಿನ್ನಹ: ಸೂಕ್ಷ್ಮದರ್ಶಕ ಕೇಂದ್ರಕ್ಕೆ ಪ್ರಯೋಗ ಮುಗಿದ ಮೇಲೆ ಸೀಸೆಯನ್ನು ಕಳುಹಿಸಬೇಡಿ, ಅಂಗಾಂಶವನ್ನು ಛೇದಿಸುವ ಮುನ್ನವೇ ನೀವಾಗಿ ಹೋಗಿ, ತುಣುಕು ಒಂದು ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ದ್ರವವು ಒಳಸೇರುವಷ್ಟರಲ್ಲಿ ನಡುವಿನ ಕೋಶಗಳು ಕೆಟ್ಟುಹೋಗಿರುತ್ತವೆಂಬುದನ್ನು ಅಲ್ಲಿನವರು ಆಗಲೇ ಹೇಳಿಯಾರು.