ಷೇರಿನ ಮತ, ಸದಸ್ಯನ ಮತ



ಡೊಂಬಿವಲಿಯ ಗೃಹನಿರ್ಮಾಣ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಸಣ್ಣ ಮನೆಯವರಿಗೂ ದೊಡ್ಡ ಮನೆಯವರಿಗೂ ಒಂದೊಂದೇ ಮತ. ಇದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆಯ ನಿಯಮ. ಕಂಪನಿಯಲ್ಲಾದರೋ ಷೇರು ಎಷ್ಟೋ ಮತವೂ ಅಷ್ಟು. ಎರಡೂ ತಮ್ಮ ತಮ್ಮ ಎಡೆಯಲ್ಲಿ ನ್ಯಾಯಸಮ್ಮತವೇ. ಕಂಪನಿಯಲ್ಲಿ ಹಣಕ್ಕೆ ಮತ. ಸಂಘದಲ್ಲಿ ಮನುಷ್ಯನಿಗೆ ಮತ. ಬದುಕಿನ ಪ್ರಶ್ನೆಯನ್ನು ಷೇರಿನ ಲೆಕ್ಕದಲ್ಲಿ ತೀರ್ಮಾನಿಸಿದಾಗ ಅನ್ಯಾಯ ಮೊದಲಾಗುತ್ತದೆ.

ಅಂತಾರಾಷ್ಟ್ರೀಯ ಹಣಕಾಸು ನಿಧಿ ಇದಕ್ಕೆ ನಿದರ್ಶನ. ಸಾಲದ ಜೊತೆಗೆ ಅದು ವಿಧಿಸುವ ಷರತ್ತುಗಳು ಸಾಲಗಾರ ದೇಶದ ತೆರಿಗೆ, ಸಬ್ಸಿಡಿಗಳನ್ನೇ ಬದಲಿಸುತ್ತವೆ. 1991ರಲ್ಲಿ ಭಾರತವೂ ಅದರ ಸಾಲ ಪಡೆದಿತ್ತು. ಅಲ್ಲಿ ಮತ ದೊರೆಯುವುದು ಮುಖ್ಯವಾಗಿ ಕೋಟಾ ಎಂಬ ಪಾಲುಹಣದಂತೆ. ಅಮೆರಿಕದ ಮತ ಶೇ. 16ಕ್ಕೂ ಹೆಚ್ಚು, ಅತಿ ಮಹತ್ವದ ನಿರ್ಣಯಗಳಿಗೆ ಬೇಕಾದುದು ಶೇ. 85. ಅಂದರೆ ಆ ಒಂದು ದೇಶ ಒಪ್ಪದೆ ಅಂಥ ನಿರ್ಣಯ ಸಾಗದು. ಜಗತ್ತಿನ ಆರನೆಯ ಒಂದು ಪಾಲಿಗಿಂತ ಹೆಚ್ಚು ಜನರಿರುವ ಭಾರತದ ಮತ ಶೇ. 3ಕ್ಕೂ ಕಡಿಮೆ. 2023ರ ಡಿಸೆಂಬರಿನಲ್ಲಿ ಮುಗಿದ ಪರಿಶೀಲನೆಯಲ್ಲಿ ಎಲ್ಲರ ಕೋಟಾವನ್ನೂ ಶೇ. 50ರಷ್ಟು ಏರಿಸಲು ಒಪ್ಪಲಾಯಿತು. ಎಲ್ಲ ಷೇರುದಾರರಿಗೂ ಒಂದೇ ಪ್ರಮಾಣದಲ್ಲಿ ಹೊಸ ಷೇರು ಹಂಚಿದಂತೆ. ಬಂಡವಾಳ ಬೆಳೆಯುತ್ತದೆ, ಯಜಮಾನಿಕೆ ಬದಲಾಗದು.

ವಿಶ್ವಸಂಸ್ಥೆಯ ಮಹಾಸಭೆ ಸಹಕಾರ ಸಂಘದಂತಿದೆ: 193 ದೇಶಗಳಿಗೆ ಒಂದೊಂದು ಮತ. ಆದರೆ ಸುಮಾರು 10,000 ಜನರ ಟುವಾಲುವಿಗೂ ಭಾರತಕ್ಕೂ ಅಲ್ಲಿ ಸಮಾನ ಮತ. ಅದು ದೇಶಗಳ ಸಮಾನತೆಯೇ ಹೊರತು ಮನುಷ್ಯರದಲ್ಲ. 15 ಸದಸ್ಯರ ಭದ್ರತಾ ಮಂಡಳಿಯಲ್ಲಿ ಆ ಸಮಾನತೆಯೂ ಇಲ್ಲ. ಐದು ಕಾಯಂ ಸದಸ್ಯರಿಗೆ ವೀಟೋ ಇದೆ. ಆಫ್ರಿಕ ಖಂಡಕ್ಕೆ ಒಂದು ಕಾಯಂ ಸ್ಥಾನವೂ ಇಲ್ಲ.

ಭಾರತ ಅಲ್ಲಿ ಕಾಯಂ ಸ್ಥಾನ ಕೇಳುತ್ತಿರುವುದು ಪ್ರಾತಿನಿಧ್ಯದ ಹೆಸರಿನಲ್ಲಿ. ಆ ಬೇಡಿಕೆ ನ್ಯಾಯವಾದುದು. ಆದರೆ ಅದೇ ಅಳತೆಗೋಲನ್ನು ಮನೆಯಂಗಳದಲ್ಲೂ ಹಿಡಿಯಬೇಕಲ್ಲವೆ? ನವಿಮುಂಬಯಿ ಪಾಲಿಕೆಯ ಅವಧಿ 2020ರ ಮೇ ತಿಂಗಳಲ್ಲಿ ಮುಗಿಯಿತು. ಕಲ್ಯಾಣ-ಡೊಂಬಿವಲಿಯದು ಅದೇ ನವೆಂಬರಿನಲ್ಲಿ, ಠಾಣೆಯದು 2022ರ ಮಾರ್ಚಿನಲ್ಲಿ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಮತದಾನವಾದದ್ದು 2026ರ ಜನವರಿ 15ರಂದು. ಕೋವಿಡ್, ವಾರ್ಡುಗಳ ಪುನರ್ರಚನೆ, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ, ಹೀಗೆ ಕಾರಣಗಳು ಬೇರೆ ಬೇರೆ; ಫಲ ಒಂದೇ. ತೆರಿಗೆ ತಪ್ಪದೆ ವಸೂಲಾಯಿತು; ಆಯವ್ಯಯ ಪ್ರಶ್ನಿಸಲು ನಗರಸೇವಕರಿರಲಿಲ್ಲ.

1905ರಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಹಕಾರದ ತತ್ತ್ವ ಸರಳ: ಯಾರ ಬದುಕಿನ ಮೇಲೆ ನಿರ್ಣಯ ಎರಗುವುದೋ ಅವರಿಗೆ ಮತವಿರಬೇಕು, ಲೆಕ್ಕ ಕೇಳುವ ಹಕ್ಕೂ ಇರಬೇಕು. ನ್ಯೂಯಾರ್ಕಿಗೂ ವಾಷಿಂಗ್ಟನ್ನಿಗೂ ಈ ಮಾತು ಹೇಳಬೇಕಾದವರು ಠಾಣೆಯಲ್ಲಿಯೂ ಕಲ್ಯಾಣದಲ್ಲಿಯೂ ಅದನ್ನು ಬಿಡದೆ ಹೇಳಬೇಕು.