ಆಕಾಶಪುರಗಳ ನೀರು
(ಮಂಗಳೂರಿನಲ್ಲಿ ಮಾಡಿದ ಭಾಷಣ)

ಕರ್ಣಪರ್ವದಲ್ಲಿ ಮಯನು ತಾರಕಾಸುರನ ಮಕ್ಕಳಿಗೆ ಮೂರು ಪುರಗಳನ್ನು ನಿರ್ಮಿಸಿಕೊಡುತ್ತಾನೆ: ಸ್ವರ್ಗದಲ್ಲಿ ಚಿನ್ನದ್ದು, ಅಂತರಿಕ್ಷದಲ್ಲಿ ಬೆಳ್ಳಿಯದು, ಭೂಮಿಯಲ್ಲಿ ಕಬ್ಬಿಣದ್ದು. ಅವು ಒಂದುಗೂಡಿದ ಕ್ಷಣದಲ್ಲಿ ಶಿವನ ಒಂದೇ ಬಾಣಕ್ಕೆ ಮೂರೂ ಉರಿದವು, ಎತ್ತರದಲ್ಲಿದ್ದುದೂ ಉಳಿಯಲಿಲ್ಲ.

1726ರ ‘ಗಲಿವರನ ಪ್ರವಾಸ’ದಲ್ಲಿ ಜೊನಾಥನ್ ಸ್ವಿಫ್ಟ್ ತೇಲಿಸಿದ ಲಪೂಟಾ ದ್ವೀಪದ ಅರಸನೋ, ಕೆಳಗಿನ ಊರು ದಂಗೆಯೆದ್ದರೆ ದ್ವೀಪವನ್ನು ಅದರ ನೆತ್ತಿಯ ಮೇಲೆಯೇ ನಿಲ್ಲಿಸಿ ಬಿಸಿಲು ಮಳೆಗಳನ್ನು ತಡೆಯುತ್ತಾನೆ.

ಈ ಮಂಗಳೂರಿನ ಬಹುಮಹಡಿ ಕಟ್ಟಡಗಳೂ ನನಗೆ ಆಕಾಶಪುರಗಳಂತೆಯೇ ಕಾಣುತ್ತವೆ. ಅಲ್ಲಿ ಕುಡಿಯುವುದು ತುಂಬೆಯ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿಯನ್ನು, ಎಂದರೆ ನಿಮ್ಮ ಘಟ್ಟದ ಮಳೆಯನ್ನು. 2019ರ ಬೇಸಿಗೆಯಲ್ಲಿ ತುಂಬೆಯ ನೀರಿನ ಮಟ್ಟ ಕುಸಿದಾಗ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದೇ ನದಿಗೆ ಹರಿದುಬರುವ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಗೊಂಡಿದೆ. ಈ ಮಾತನ್ನು ಹತ್ತನೆಯ ಮಹಡಿಗೂ ಹತ್ತಿ ಹೇಳಿಬರೋಣ.