ಘಟ್ಟದ ಕೆಳಗೆ ನೆಲೆ ಅರಸುವ ಮುನ್ನ



ಗುಡ್ಡ ಕುಸಿತದ ಭಯದಿಂದ ಘಟ್ಟದ ಕೆಳಗೆ ಭೂಮಿ ಕೊಂಡು ನೆಲೆಸುವ ಆಲೋಚನೆ ಮಲೆನಾಡಿನ ಮನೆಗಳಲ್ಲಿ ಕೇಳಿಬರುವುದುಂಟು. ಕರಾವಳಿಯ ನೆಲ ಸಮತಟ್ಟು, ಆದ್ದರಿಂದ ಕ್ಷೇಮ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷಿಸದೆ ಹಣ ಹೂಡುವುದು ಅಪಾಯಕರ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಿತು. ಆ ರಭಸಕ್ಕೆ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಆ ಮನೆಗಳು ಕುಸಿದ ಗುಡ್ಡದ ಬುಡದಲ್ಲಿರಲಿಲ್ಲ, ನದಿಯ ಆಚೆಗಿದ್ದವು. ಆದುದರಿಂದ ನಿವೇಶನವನ್ನಷ್ಟೇ ನೋಡಿದರೆ ಸಾಲದು, ಸುತ್ತಲಿನ ಗುಡ್ಡ, ಹೊಳೆ, ರಸ್ತೆಗಳನ್ನೂ ನೋಡಬೇಕು. ಚಿರೆಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿದ್ದು, ಗುಡ್ಡವನ್ನು ನೇರವಾಗಿ ಕಡಿದಿದ್ದರೆ ಅಂಥ ಸ್ಥಳವನ್ನು ಬಿಡುವುದೇ ಲೇಸು.

ಎರಡನೆಯದು ಕುಡಿಯುವ ನೀರು. ಕಡಲಂಚಿನ ಮರಳು ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿರುವ ಸಿಹಿನೀರು ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರನ್ನು ತಡೆದಿರುತ್ತದೆ. ಅತಿಯಾಗಿ ಪಂಪು ಹಚ್ಚಿ ಮೇಲಿನ ಮಟ್ಟವನ್ನು ತುಸು ತಗ್ಗಿಸಿದರೂ ಉಪ್ಪು ಬಹಳ ಮೇಲೇರುತ್ತದೆ. ಬಾವಿಯ ನೀರನ್ನು ಆಷಾಢದಲ್ಲಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ರುಚಿ ನೋಡಬೇಕು.

ಮೂರನೆಯದು ನೆರೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಅದೇ ಹೊತ್ತಿಗೆ ಘಟ್ಟದಲ್ಲಿ ಮಳೆ ಸುರಿದರೆ ಹೊಳೆಯ ನೀರು ಅಳಿವೆಯಲ್ಲಿ ಹೊರಹೋಗಲಾರದೆ ಹಿಮ್ಮೆಟ್ಟುತ್ತದೆ. ಮೇಲೆ ಅಣೆಕಟ್ಟಿದ್ದರೆ ಅದರ ಬಾಗಿಲುಗಳ ಸುದ್ದಿಯೂ ತಿಳಿದಿರಬೇಕು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ತೀರದ ಊರುಗಳು ಜಲಾವೃತಗೊಂಡವು. ಹಿಂದಿನ ನೆರೆಯ ಗುರುತನ್ನು ನೆರೆಹೊರೆಯ ಹಿರಿಯರಿಂದ ಕೇಳಿ, ಮನೆಯ ಅಡಿಪಾಯವನ್ನು ಅದಕ್ಕಿಂತ ಎತ್ತರಿಸಬೇಕು. ಉಬ್ಬರದ ವೇಳೆ ಮುಳುಗದ ದಾರಿಯೊಂದನ್ನು ಮನೆಮಂದಿಯೆಲ್ಲ ಅರಿತಿರಬೇಕು.

ಕಾನೂನನ್ನೂ ಮರೆಯಬಾರದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ, ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ಕಡಲತೀರದಲ್ಲಿ ಉಬ್ಬರರೇಖೆಯಿಂದ 200 ಮೀಟರಿನವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿದೆ. ಅಗ್ಗದ ಭೂಮಿ ಅಗ್ಗವಾಗಿರುವುದಕ್ಕೆ ಕಾರಣ ಇದೂ ಆಗಿರಬಹುದು.

ಅಘನಾಶಿನಿಯ ಗಜನಿಗಳಲ್ಲಿ ರೈತರು ಉಪ್ಪುನೀರನ್ನೂ ನೆರೆಯನ್ನೂ ತಾಳಬಲ್ಲ ಕಗ್ಗ ಭತ್ತವನ್ನು ಉಳಿಸಿಕೊಂಡು ಬಂದಿದ್ದಾರೆ. ದಂಡೆಯ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಗ್ಗಿಸಿ ಮಣ್ಣನ್ನು ಹಿಡಿದಿಡುತ್ತವೆ. ಕಾಂಡ್ಲಾ ಕಡಿದು, ಗಜನಿ ತುಂಬಿಸಿ ಕಟ್ಟಿದ ಮನೆ ತನ್ನ ರಕ್ಷಣೆಯನ್ನು ತಾನೇ ಕೆಡವಿಕೊಂಡಂತೆ.

ಘಟ್ಟದಲ್ಲಿ ಕಾಡು ಬೋಳಾದರೆ ಅದರ ಹೂಳು ಅಳಿವೆಯನ್ನು ಸೇರುತ್ತದೆ. ಅಲ್ಲಿ ಹೊಸದಾಗಿ ನೆಲೆಸುವವರ ಕ್ಷೇಮವೂ ಇಲ್ಲಿ ಉಳಿದವರ ನಡವಳಿಕೆಯನ್ನು ಅವಲಂಬಿಸಿದೆ. ಹೊರಡುವವರು ಭೂಮಿಯನ್ನು ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ ಕೊಳ್ಳಲಿ. ಉಳಿಯುವವರು ಗುಡ್ಡದ ಹಸಿರನ್ನು ಕಾಯಲಿ.